ಅಮ್ಮನ ಎರಡು ಸಾವಿರ, ತಮ್ಮನ ಎರಡು ಲಕ್ಷ: ದುರ್ಗದ ಅಂಚಿನಲ್ಲೊಂದು ಮನೆ ಕಟ್ಟುತ್ತಾ ಹಾಕಿದ ಲೆಕ್ಕ

ಮದಕರಿಪುರದ ನಮ್ಮ ಸೈಟಿನಲ್ಲಿ ಆರ್‌ಸಿಸಿ ಹಾಕಿದ ದಿನ ಬೆಳಗ್ಗೆ ಆರಕ್ಕೇ ಮಿಕ್ಸರ್ ಶುರುವಾಗಿತ್ತು. ಡೀಸೆಲ್ ಹೊಗೆ, ಸಿಮೆಂಟ್ ದೂಳು, ಬಾಂಡ್ಲಿ ಹೊತ್ತು ಸಾಲಾಗಿ ಹತ್ತುವ ಹೆಂಗಸರು, ಮೇಲೆ ನಿಂತು ಕೂಗುವ ಮೇಸ್ತ್ರಿ. ದೂರದ ಗುಡ್ಡದ ಸಾಲಿನ ಮೇಲೆ ಗಾಳಿ ಫ್ಯಾನ್‌ಗಳು ಯಾರ ಗೊಡವೆಯೂ ಇಲ್ಲದ ಹಾಗೆ ತಿರುಗುತ್ತಿದ್ದವು. ಆ ಗದ್ದಲದ ಮಧ್ಯೆ ಬೆಂಗಳೂರಿನಿಂದ ತಮ್ಮನ ಫೋನ್. "ಅಕ್ಕ, ಇವಿ ಬುಕ್ ಮಾಡ್ಲಾ? ಈ ತಿಂಗಳು ಆಫರ್ ಐತೆ. ಹೆಂಗೂ ಹೊಸ ಮನೇಲಿ ಚಾರ್ಜರ್ ಪಾಯಿಂಟ್ ಬಿಡಿಸ್ತಿದೀವಲ್ಲ."

ಬಿಡಿಸುತ್ತಿದ್ದೇವೆ ಅನ್ನೋದು ನನಗೆ ಆಗಲೇ ಗೊತ್ತಾಗಿದ್ದು. ಅಪ್ಪನೂ ಅವನೂ ಮಾತಾಡಿಕೊಂಡಿದ್ದರು. ಸಾಲ ನನ್ನ ಸಂಬಳದ ಮೇಲೆ, ಚಾರ್ಜರ್ ಅವನ ಕಾರಿಗೆ! ಅವತ್ತು ನಕ್ಕು ಫೋನ್ ಇಟ್ಟೆ. ರಾತ್ರಿ ಮಾತ್ರ ನಿದ್ದೆ ಬರಲಿಲ್ಲ. ಪೆನ್ನು ಪೇಪರ್ ತಗೊಂಡು ಲೆಕ್ಕ ಹಾಕುತ್ತಾ ಕೂತೆ. ಅದು ಕಾರಿನ ಲೆಕ್ಕವಾಗಿ ಶುರುವಾಗಿ ಮನೆ, ಕರೆಂಟು, ಗ್ಯಾರಂಟಿ, ಕೊನೆಗೆ ಖಾತೆಯವರೆಗೆ ಹೋಯಿತು. 2025ರ ಕೊನೆಯಲ್ಲಿ ನಿಂತು ನೋಡಿದರೆ ನಮ್ಮ ರಾಜಕೀಯದ ಅರ್ಧ ಜಗಳಗಳು ಈ ಒಂದು ಸೈಟಿನೊಳಗೇ ಇವೆ ಅನಿಸಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಬಿಟ್ಟಿ ಯಾವುದು ಅನ್ನೋ ಪ್ರಶ್ನೆ.

ನನ್ನ ತಮ್ಮನಿಗೆ ಗ್ಯಾರಂಟಿಗಳ ಬಗ್ಗೆ ಬಹಳ ಸಿಟ್ಟು. "ಬಿಟ್ಟಿ ಭಾಗ್ಯ" ಅನ್ನೋ ಪದವಿಲ್ಲದೆ ಅವನ ವಾಟ್ಸಾಪ್ ಸ್ಟೇಟಸ್ ಮುಗಿಯಲ್ಲ. ಅಮ್ಮನಿಗೆ ಗೃಹಲಕ್ಷ್ಮಿಯ 2,000 ಬರುತ್ತೆ, 2023ರ ಆಗಸ್ಟ್‌ನಿಂದ. ತಡವಾಗಿ ಬರುತ್ತೆ, ಕೆಲವು ಸಲ ಎರಡು ಕಂತು ಒಟ್ಟಿಗೆ ಬರುತ್ತೆ, ಆದರೆ ಬರುತ್ತೆ. ಅದೇ ವರ್ಷ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಬಸ್ಸು ಫ್ರೀ. ಅಮ್ಮ ಹೊಸದುರ್ಗದ ತವರಿಗೆ ಮೊದಲು ವರ್ಷಕ್ಕೆ ಎರಡು ಸಲ ಹೋಗುತ್ತಿದ್ದವಳು ಈಗ ತಿಂಗಳಿಗೆ ಒಂದು ಸಲ ಹೋಗುತ್ತಾಳೆ. ಹೋಗೋಕೆ ಅಪ್ಪನ ಹತ್ತಿರ ದುಡ್ಡು ಕೇಳಬೇಕಾಗಿಲ್ಲ, ಯಾಕೆ ಅಂತ ಹೇಳಬೇಕಾಗಿಯೂ ಇಲ್ಲ. ಮೂವತ್ತು ವರ್ಷ ಕೆಎಸ್ಆರ್‌ಟಿಸಿ ಬಸ್ಸು ಓಡಿಸಿದವರ ಹೆಂಡತಿ, ಅದೇ ಬಸ್ಸಿನಲ್ಲಿ ಗಂಡನಿಗೆ ಹೇಳದೆ ಹೋಗಿಬರುವ ಸುಖ ಕಂಡಿದ್ದು ಅರವತ್ತರ ಹತ್ತಿರ.

ಇನ್ನು ತಮ್ಮನ ಕಾರು. ಅವನು ನೋಡಿಟ್ಟಿರೋದು ಹೆಚ್ಚುಕಮ್ಮಿ 12 ಲಕ್ಷದ ಎಲೆಕ್ಟ್ರಿಕ್ ಗಾಡಿ. ಅದೇ ಬೆಲೆಯ ಪೆಟ್ರೋಲ್ ಕಾರು ತಗೊಂಡರೆ ಕರ್ನಾಟಕದಲ್ಲಿ ಜೀವಾವಧಿ ರಸ್ತೆ ತೆರಿಗೆ ಶೇ 17. ಹತ್ತರಿಂದ ಇಪ್ಪತ್ತು ಲಕ್ಷದ ಕಾರಿನ ದರ ಅದು. ಎಲೆಕ್ಟ್ರಿಕ್ ಆದರೆ ಆ ತೆರಿಗೆ ಇಲ್ಲ. 2024ರ ಮಾರ್ಚ್‌ನಲ್ಲಿ ಸರ್ಕಾರ 25 ಲಕ್ಷಕ್ಕಿಂತ ದುಬಾರಿ ಇವಿಗಳಿಗೆ ಶೇ 10 ಹಾಕಿತು, ಅದಕ್ಕಿಂತ ಕೆಳಗಿನವು ಹಾಗೇ ಉಳಿದವು. ಹನ್ನೆರಡು ಲಕ್ಷಕ್ಕೆ ಶೇ 17 ಅಂದರೆ 2 ಲಕ್ಷದ 4 ಸಾವಿರ. ಅಮ್ಮನ ಗೃಹಲಕ್ಷ್ಮಿ ಲೆಕ್ಕದಲ್ಲಿ 102 ಕಂತು. ಎಂಟೂವರೆ ವರ್ಷ!

ಜಿಎಸ್‌ಟಿಯನ್ನು ಇದರಲ್ಲಿ ಸೇರಿಸಿಯೇ ಇಲ್ಲ. ಇವಿಗೆ ಶೇ 5. ಸಣ್ಣ ಪೆಟ್ರೋಲ್ ಕಾರಿಗೆ ಸೆಪ್ಟೆಂಬರ್ 22ರವರೆಗೆ ಶೇ 28ರ ಮೇಲೆ ಸೆಸ್ ಇತ್ತು, ಈಗ ಶೇ 18. ಆ ವ್ಯತ್ಯಾಸವೂ ತಮ್ಮನ ಜೇಬಿಗೇ.

ನಾನು ಇದನ್ನು ಫೋನಲ್ಲಿ ಹೇಳಿದಾಗ ಅವನು ಒಂದು ಕ್ಷಣ ಸುಮ್ಮನಾದ. ಆಮೇಲೆ, "ಅದು ಬಿಟ್ಟಿ ಅಲ್ಲ ಅಕ್ಕ, ಇನ್ಸೆಂಟಿವ್" ಅಂದ.

ಪದದಲ್ಲೇ ಇರೋದು ರಾಜಕೀಯ. ಕಾರು ಕೊಳ್ಳುವವನಿಗೆ ತೆರಿಗೆ ಬಿಟ್ಟರೆ ಪ್ರೋತ್ಸಾಹ, ಕಾರು ಕೊಳ್ಳಲಾರದವಳಿಗೆ ಟಿಕೆಟ್ ಬಿಟ್ಟರೆ ಬಿಟ್ಟಿ. ನಾನು ಇವಿ ರಿಯಾಯಿತಿಯ ವಿರೋಧಿ ಅಲ್ಲ. 2017ರಲ್ಲಿ ದೇಶದಲ್ಲೇ ಮೊದಲು ಎಲೆಕ್ಟ್ರಿಕ್ ವಾಹನ ನೀತಿ ತಂದ ರಾಜ್ಯ ನಮ್ಮದು. ಆ ನೀತಿಯಿಂದ ಕೆಲಸವೂ ಆಗಿದೆ, ಬೆಂಗಳೂರಿನ ರಸ್ತೆಯಲ್ಲಿ ಹಸಿರು ನಂಬರ್ ಪ್ಲೇಟು ಈಗ ಅಪರೂಪವಲ್ಲ. ಹೊಸ ತಂತ್ರಜ್ಞಾನ ಕಾಲೂರುವವರೆಗೆ ಸರ್ಕಾರ ಕೈ ಹಿಡಿಯಬೇಕು, ಸರಿ. ಆದರೆ ಕೈ ಹಿಡಿಸಿಕೊಂಡವರು ಬಸ್ಸಿನಲ್ಲಿ ನಿಂತವರನ್ನು ನೋಡಿ ಮೂಗು ಮುರಿಯಬಾರದು. ಶಕ್ತಿ ಯೋಜನೆಯನ್ನು ಪರಿಸರ ಯೋಜನೆ ಅಂತ ಯಾರೂ ಕರೆದಿದ್ದು ನಾನು ಕೇಳಿಲ್ಲ. ಐವತ್ತು ಜನರನ್ನು ಹೊತ್ತ ಡೀಸೆಲ್ ಬಸ್ಸು, ಒಬ್ಬನನ್ನೇ ಕೂರಿಸಿಕೊಂಡು ಹೋಗುವ ಎಲೆಕ್ಟ್ರಿಕ್ ಕಾರಿಗಿಂತ ತಲೆ ಲೆಕ್ಕದಲ್ಲಿ ಎಷ್ಟೋ ಹಸಿರು.

ಹಾಗಾದರೆ ಆ ಕಾರು ಎಷ್ಟು ಹಸಿರು? ರಾತ್ರಿ ನಿದ್ದೆ ಕೆಡಿಸಿದ್ದು ಈ ಭಾಗ.

ತಮ್ಮ ವರ್ಷಕ್ಕೆ 12 ಸಾವಿರ ಕಿ.ಮೀ ಓಡಿಸುತ್ತಾನೆ ಅಂದುಕೊಳ್ಳಿ. ಲೀಟರ್‌ಗೆ 16 ಕಿ.ಮೀ ಕೊಡುವ ಪೆಟ್ರೋಲ್ ಕಾರಾದರೆ 750 ಲೀಟರ್. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆ.ಜಿ ಇಂಗಾಲದ ಡೈಆಕ್ಸೈಡ್. ವರ್ಷಕ್ಕೆ 1.7 ಟನ್. ಇವಿ ಆದರೆ, ಚಾರ್ಜ್ ಮಾಡುವಾಗ ಸೋರುವುದನ್ನೂ ಹಿಡಿದು ಕಿ.ಮೀಗೆ 0.15 ಯೂನಿಟ್ ಅಂದರೂ 1,800 ಯೂನಿಟ್ ಬೇಕು. ನಮ್ಮ ದೇಶದ ಗ್ರಿಡ್‌ನಲ್ಲಿ ಒಂದು ಯೂನಿಟ್ ಕರೆಂಟಿಗೆ 0.7 ಕೆ.ಜಿ ಆಸುಪಾಸು ಹೊಗೆ, ಯಾಕಂದ್ರೆ ಇನ್ನೂ ಹೆಚ್ಚಿನ ಕರೆಂಟು ಬರೋದು ಕಲ್ಲಿದ್ದಲಿನಿಂದ. ಅಲ್ಲಿಗೆ ಸುಮಾರು 1.26 ಟನ್. ಉಳಿತಾಯ ಅರ್ಧ ಟನ್ ಕೂಡ ಇಲ್ಲ. ಬ್ಯಾಟರಿ ತಯಾರಿಸುವಾಗಿನ ಹೊಗೆ ಇದರಲ್ಲಿಲ್ಲ, ಪೆಟ್ರೋಲನ್ನು ಬಾವಿಯಿಂದ ಬಂಕ್‌ವರೆಗೆ ತರುವ ಹೊಗೆಯೂ ಇಲ್ಲ. ಒಂದಕ್ಕೊಂದು ವಜಾ ಅಂದುಕೊಂಡೆ. ಒರಟು ಲೆಕ್ಕವೇ, ಆದರೆ ದಿಕ್ಕು ತಪ್ಪಲ್ಲ.

ಈಗ ಅವತ್ತು ಬೆಳಗ್ಗೆ ನನ್ನ ಕಣ್ಣೆದುರು ಸುರಿದ ಕಾಂಕ್ರೀಟಿನ ಲೆಕ್ಕ. ನಮ್ಮದು ಸಾವಿರ ಚದರಡಿ ಮನೆ. ಚದರಡಿಗೆ 0.4 ಮೂಟೆ ಸಿಮೆಂಟು ಅನ್ನೋದು ಮೇಸ್ತ್ರಿಗಳ ಬಾಯಿಲೆಕ್ಕ. 400 ಮೂಟೆ, ಅಂದರೆ 20 ಟನ್. ಸುಣ್ಣದ ಕಲ್ಲನ್ನು ಗೂಡಿನಲ್ಲಿ ಸುಟ್ಟಾಗ ಕಲ್ಲಿನೊಳಗಿನ ಇಂಗಾಲವೇ ಹೊರಗೆ ಬರುತ್ತೆ, ಸುಡೋಕೆ ಹಾಕಿದ ಕಲ್ಲಿದ್ದಲಿನದು ಬೇರೆ. ಟನ್ ಸಿಮೆಂಟಿಗೆ 600 ಕೆ.ಜಿ ಹತ್ತಿರ ಹೊಗೆ. ಹನ್ನೆರಡು ಟನ್ ಆಯ್ತು. ಕಬ್ಬಿಣ ಚದರಡಿಗೆ ನಾಲ್ಕು ಕೆ.ಜಿ, ಒಟ್ಟು ನಾಲ್ಕು ಟನ್. ನಮ್ಮ ದೇಶದಲ್ಲಿ ಒಂದು ಟನ್ ಉಕ್ಕು ಮಾಡೋಕೆ ಎರಡರಿಂದ ಎರಡೂವರೆ ಟನ್ ಹೊಗೆ. ಇನ್ನೊಂದು ಒಂಬತ್ತು ಹತ್ತು ಟನ್. ಇಟ್ಟಿಗೆ, ಟೈಲ್ಸ್, ಲಾರಿ ಬಾಡಿಗೆ ಎಲ್ಲ ಬಿಟ್ಟರೂ 22 ಟನ್.

ತಮ್ಮ ಪೆಟ್ರೋಲ್ ಕಾರನ್ನೇ ಹದಿಮೂರು ವರ್ಷ ಓಡಿಸಿದರೂ ಅಷ್ಟೇ ಆಗೋದು. ಅವನು ಇವಿ ತಗೊಂಡು ಅದರಿಂದ ಉಳಿಯುವ ಹೊಗೆಯಲ್ಲಿ ಈ ಮನೆಯ ಹೊಗೆಯನ್ನು ತೀರಿಸಬೇಕು ಅಂದರೆ ನಲವತ್ತೆಂಟು ವರ್ಷ. ಆಗ ಅವನಿಗೆ ಎಪ್ಪತ್ತೈದು.

ಇಷ್ಟು ದಿನ ನಾನು ಪರಿಸರದ ಬಗ್ಗೆ ಮಾತಾಡುವವಳು, ಅವನು ಶೋಕಿಗೆ ಕಾರು ಕೊಳ್ಳುವವನು ಅಂತ ನನ್ನೊಳಗೆ ಒಂದು ಜಂಬ ಇತ್ತು. ಪೇಪರ್ ನೋಡಿದ ಮೇಲೆ ಅದು ಇಳಿಯಿತು. ಕಾರಿನ ಬಗ್ಗೆ ಇಷ್ಟೆಲ್ಲ ಚರ್ಚೆ ಮಾಡುವ ನಾವು ಮನೆಯ ಬಗ್ಗೆ ಯಾಕೆ ಬಾಯಿ ಬಿಡಲ್ಲ? ಒಂದು ಕಾರಣ, ಮನೆ ಅನ್ನೋದು ಕನಸು. ಕನಸಿಗೆ ಹೊಗೆ ಲೆಕ್ಕ ಹಾಕೋದು ಅಪಶಕುನ.

ನನ್ನ ಅಜ್ಜಿಯ ಮನೆ ಮಾಳಿಗೆ ಮನೆ. ತೊಲೆ, ಜಂತೆ, ಅದರ ಮೇಲೆ ಮಣ್ಣು, ಮಳೆಗಾಲಕ್ಕೆ ಮುಂಚೆ ಮೇಲೆ ಸವಳು ಮಣ್ಣು. ನಮ್ಮ ಬಯಲುಸೀಮೆಗೆ ಹೇಳಿ ಮಾಡಿಸಿದ ಮನೆ ಅದು. ಏಪ್ರಿಲ್‌ನ ಮಧ್ಯಾಹ್ನವೂ ಒಳಗೆ ತಣ್ಣಗೆ. ಹೌದು, ಚೇಳು ಬೀಳುತ್ತಿತ್ತು, ಸೋರುತ್ತಿತ್ತು, ವರ್ಷಾ ವರ್ಷ ಮಣ್ಣು ಹಾಕಿಸಬೇಕಿತ್ತು. ಆ ಕೆಲಸ ಮಾಡುತ್ತಿದ್ದವರು ಯಾವ ಜಾತಿಯವರು, ಒಳಗೆ ತಣ್ಣಗೆ ಕೂರುತ್ತಿದ್ದವರು ಯಾರು ಅಂತಲೂ ಕೇಳಬೇಕು. ಹಳೆಯದೆಲ್ಲ ಚಿನ್ನ ಅಂತ ನಾನು ಹೇಳಲ್ಲ. ಆದರೆ ನಡುವೆ ಒಂದು ದಾರಿ ಇತ್ತು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು ಶುರು ಮಾಡಿದ ಅಸ್ತ್ರ ಕೇಂದ್ರ, ಹಳ್ಳಿಗೆ ಬೇಕಾದ ತಂತ್ರಜ್ಞಾನ ಅಂತ ಕೆಲಸ ಮಾಡಿತು. ಅಲ್ಲಿ ಬೆಳೆದಿದ್ದರಲ್ಲಿ ಒಂದು, ಮಣ್ಣಿಗೆ ಚೂರೇ ಚೂರು ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿ ಮಾಡುವ ಇಟ್ಟಿಗೆ. ಸುಡುವುದೇ ಬೇಡ. ಅದೇ ಸಂಸ್ಥೆಯ ಎರಡನೇ ಕ್ಯಾಂಪಸ್ ಇವತ್ತು ನಮ್ಮ ಜಿಲ್ಲೆಯಲ್ಲೇ ಇದೆ, ಚಳ್ಳಕೆರೆಯ ಕುದಾಪುರದಲ್ಲಿ, ಕುರಿ ದನ ಮೇಯುತ್ತಿದ್ದ ಅಮೃತಮಹಲ್ ಕಾವಲಿನ ನೆಲದಲ್ಲಿ. ನಾನು ನಮ್ಮ ಮೇಸ್ತ್ರಿಗೆ ಮಣ್ಣಿನಿಟ್ಟಿಗೆ ಅಂದಾಗ ಅವರು ನನ್ನನ್ನು ನೋಡಿದ ರೀತಿ ಇನ್ನೂ ಮರೆತಿಲ್ಲ. "ಬ್ಯಾಂಕಿನೋರು ಲೋನ್ ಕೊಡಾಕಿಲ್ಲ ಮೇಡಂ" ಅಂದರು. ಕೊಡುತ್ತಿದ್ದರೋ ಇಲ್ಲವೋ, ಕೇಳುವ ಧೈರ್ಯ ನನಗೆ ಬರಲಿಲ್ಲ. ಅಪ್ಪನ ಮುಖ ನೋಡಿ ಸುಮ್ಮನಾದೆ. "ಮೂವತ್ತು ವರ್ಷ ಕಾದಿದೀನಿ ಕಣವ್ವ, ಮಣ್ಣಿನ ಮನೆ ಕಟ್ಟಾಕಾ?" ಅಂತ ಅವರು ಕೇಳಿದ್ದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಕಬ್ಬಿಣದ ಬಗ್ಗೆಯೂ ಒಂದು ಮಾತು. ನಮ್ಮ ಜಿಲ್ಲೆ ಅದಿರಿನ ಜಿಲ್ಲೆ. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜೊತೆಗೆ ಚಿತ್ರದುರ್ಗ, ತುಮಕೂರಿನಲ್ಲೂ ಗಣಿಗಾರಿಕೆ ನಿಲ್ಲಿಸಿದ್ದು, ಆಮೇಲೆ ಷರತ್ತಿನ ಮೇಲೆ ಬಿಟ್ಟಿದ್ದು ಎಲ್ಲರಿಗೂ ಗೊತ್ತು. ಭೀಮಸಮುದ್ರದ ಕಡೆ ಹೋದರೆ ಅಡಿಕೆ ತೋಟ ಮತ್ತು ಅದಿರು ಲಾರಿ ಒಂದೇ ರಸ್ತೆಯಲ್ಲಿ ಕಾಣಿಸುತ್ತವೆ. ನನ್ನ ಮನೆಯ ನಾಲ್ಕು ಟನ್ ಕಂಬಿ ಇಂಥ ಯಾವುದೋ ಗುಡ್ಡದಿಂದಲೇ ಬಂದಿರಬೇಕು.

ಮತ್ತೆ ನೀರು. ಮೋಲ್ಡ್ ಹಾಕಿದ ಮೇಲೆ ಮೇಲೆಲ್ಲ ಕಟ್ಟೆ ಕಟ್ಟಿ ನೀರು ನಿಲ್ಲಿಸಬೇಕು. ನಮಗೆ ಟ್ಯಾಂಕರ್. 1907ರಲ್ಲಿ ಮುಗಿದ ಮಾರಿಕಣಿವೆ ಅಣೆಕಟ್ಟು 1933ರಲ್ಲಿ ಒಮ್ಮೆ ಕೋಡಿ ಬಿದ್ದು, ಆಮೇಲೆ 89 ವರ್ಷ ಬಿಟ್ಟು 2022ರಲ್ಲಿ ಬಿತ್ತು. ಈ ವರ್ಷ ಜನವರಿಯಲ್ಲಿ ಇನ್ನೊಮ್ಮೆ. ಕೋಡಿ ನೋಡೋಕೆ ನಾವೂ ಮನೆಮಂದಿಯೆಲ್ಲ ಹೋಗಿದ್ವಿ, ಸೆಲ್ಫಿ ತಗೊಂಡ್ವಿ. ಆದರೆ ಜಿಲ್ಲೆಯ ಹೊಲಕ್ಕೆ ನೀರು ತರಬೇಕಾದ ಭದ್ರಾ ಮೇಲ್ದಂಡೆಗೆ 2023ರ ಫೆಬ್ರುವರಿ 1ರ ಕೇಂದ್ರ ಬಜೆಟ್‌ನಲ್ಲಿ ಘೋಷಿಸಿದ 5,300 ಕೋಟಿ ಇನ್ನೂ ಬಂದಿಲ್ಲ. ಆ ಘೋಷಣೆಗೆ ಇಲ್ಲಿ ಪಟಾಕಿ ಹೊಡೆದಿದ್ದರು. ರಾಜ್ಯ ಕೇಂದ್ರವನ್ನು ಬೈಯುತ್ತೆ, ಕೇಂದ್ರ ರಾಜ್ಯವನ್ನು. ನಾವು ಟ್ಯಾಂಕರಿನವನಿಗೆ ಫೋನ್ ಮಾಡುತ್ತೇವೆ.

ಸರಿ, ಕಟ್ಟಿದ್ದು ಕಟ್ಟಾಯಿತು. 22 ಟನ್ ಗಾಳಿಗೆ ಹೋಯಿತು. ಇನ್ನು ಏನು ಮಾಡಬಹುದು?

ಸೂರಿನ ಮೇಲೆ 3 ಕಿಲೋವ್ಯಾಟ್ ಸೋಲಾರ್ ಹಾಕಿದರೆ ದಿನಕ್ಕೆ 12 ಯೂನಿಟ್ ಹತ್ತಿರ ಬರುತ್ತೆ. ದುರ್ಗದ ಬಿಸಿಲಿಗೆ ಅದು ಕಷ್ಟವಲ್ಲ. ಪಕ್ಕದ ಪಾವಗಡದಲ್ಲಿ 13 ಸಾವಿರ ಎಕರೆಯಲ್ಲಿ 2,050 ಮೆಗಾವ್ಯಾಟ್ ಹಾಕಿರೋದು ಇದೇ ಬಿಸಿಲು ನಂಬಿ. ವರ್ಷಕ್ಕೆ 4,200 ಯೂನಿಟ್, ಅಂದರೆ ಮೂರು ಟನ್ ಹತ್ತಿರ ಹೊಗೆ ಉಳಿತಾಯ. ಮನೆಯ ಋಣ ಎಂಟು ವರ್ಷದೊಳಗೆ ತೀರುತ್ತೆ. ಕಾರಿನ 48 ವರ್ಷ ಎಲ್ಲಿ, ಇದೆಲ್ಲಿ! ಆಮೇಲೆ ಬೇಕಾದರೆ ಅದೇ ಕರೆಂಟಿನಲ್ಲಿ ಹಗಲು ಹೊತ್ತು ಕಾರನ್ನೂ ಚಾರ್ಜ್ ಮಾಡಬಹುದು. ಆಗ ಮಾತ್ರ ಇವಿ ನಿಜಕ್ಕೂ ಹಸಿರು.

2024ರ ಫೆಬ್ರುವರಿಯಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78 ಸಾವಿರ ಸಬ್ಸಿಡಿ. ನಮಗೆ ಕೊಟ್ಟ ಕೊಟೇಶನ್ 1.90 ಲಕ್ಷ. ಕೈಯಿಂದ ಬೀಳೋದು 1.12 ಲಕ್ಷ. ಇಷ್ಟು ಚೆನ್ನಾಗಿರುವಾಗ ನಮ್ಮ ಬೀದಿಯಲ್ಲಿ ಯಾರೂ ಯಾಕೆ ಹಾಕಿಸಿಲ್ಲ?

ಇಲ್ಲಿ ನಾನು ಬೆಂಬಲಿಸುವ ಗ್ಯಾರಂಟಿಯನ್ನೇ ಪ್ರಶ್ನಿಸಬೇಕು. ಗೃಹಜ್ಯೋತಿ. 200 ಯೂನಿಟ್‌ವರೆಗೆ ಬಳಸುವ ಮನೆಗೆ, ಅದರ ಹಿಂದಿನ ಸರಾಸರಿಯ ಮಿತಿಯೊಳಗೆ, ಬಿಲ್ಲು ಸೊನ್ನೆ. ಬಿಲ್ಲೇ ಬರದ ಮನೆಯವರು ಒಂದು ಲಕ್ಷ ಕೊಟ್ಟು ಸೋಲಾರ್ ಯಾಕೆ ಹಾಕಿಸುತ್ತಾರೆ? ಬಿಲ್ಲು ಕಟ್ಟುವ ಮನೆಗಾದರೆ, ಯೂನಿಟ್‌ಗೆ 6 ರೂಪಾಯಿ ಆಸುಪಾಸಿನಂತೆ ತಿಂಗಳಿಗೆ 150 ಯೂನಿಟ್‌ಗೆ 900 ರೂಪಾಯಿ, ಹತ್ತು ಹನ್ನೊಂದು ವರ್ಷಕ್ಕೆ ಅಸಲು ವಾಪಸ್ಸು. ಸೊನ್ನೆ ಬಿಲ್ಲಿನವರಿಗೆ ಯಾವ ಜನ್ಮಕ್ಕೂ ಇಲ್ಲ. ಕೇಂದ್ರದ ಯೋಜನೆ ಒಂದು ಕಡೆ ಎಳೆಯುತ್ತೆ, ರಾಜ್ಯದ ಯೋಜನೆ ಇನ್ನೊಂದು ಕಡೆ. ಇಬ್ಬರೂ ಕೂತು ಮಾತಾಡಿದ್ದರೆ ಇದಕ್ಕೆ ದಾರಿ ಇತ್ತು. ಆದರೆ ಬೋರ್ಡಿನ ಮೇಲೆ ಯಾರ ಫೋಟೋ ಅನ್ನೋದು ಮುಖ್ಯವಾದಾಗ ಮಾತು ಎಲ್ಲಿಂದ?

ಹೊಸ ಮನೆಗೆ ಇನ್ನೊಂದು ತಮಾಷೆ ಇದೆ. ಹಿಂದಿನ ಬಳಕೆಯ ದಾಖಲೆ ಇಲ್ಲದ ಮನೆಗೆ ರಾಜ್ಯದ ಸರಾಸರಿ 53 ಯೂನಿಟ್ ಹಿಡಿದು, ಮೇಲೆ ಶೇ 10 ಸೇರಿಸಿ 58 ಯೂನಿಟ್ ಕೊಡ್ತೀವಿ ಅಂತ 2023ರಲ್ಲಿ ಸರ್ಕಾರ ಹೇಳಿತ್ತು. ನಮ್ಮ ಮನೆಗೆ 80 ಯೂನಿಟ್ ಬೇಕು ಅಂದುಕೊಳ್ಳಿ, ತಮ್ಮನ ಕಾರು ಇಲ್ಲೇ ಚಾರ್ಜ್ ಆದರೆ ತಿಂಗಳಿಗೆ 150. ಒಟ್ಟು 230. ಇನ್ನೂರು ದಾಟಿದ ಕೂಡಲೇ ಪೂರ್ತಿ ಬಿಲ್ಲು. ಅಮ್ಮನ ಮಿಕ್ಸಿ, ಫ್ಯಾನಿಗೆ ಸಿಗಬೇಕಾಗಿದ್ದ 58 ಯೂನಿಟ್ಟೂ ಕಾರಿನ ಜೊತೆ ಹೋಯಿತು. ಒಂದು ಸರ್ಕಾರಿ ರಿಯಾಯಿತಿ ಇನ್ನೊಂದನ್ನು ತಿನ್ನೋದು ಹೀಗೆ, ಒಂದೇ ಮನೆಯೊಳಗೆ, ಒಂದೇ ಮೀಟರಿನಲ್ಲಿ. ತಮ್ಮ ಹೇಳೋದೂ ಸುಳ್ಳಲ್ಲ: ಪೆಟ್ರೋಲಿಗೆ ತಿಂಗಳಿಗೆ ಆರು ಸಾವಿರ ಕೊಡೋ ಬದಲು ಕರೆಂಟಿಗೆ ಸಾವಿರ ಕೊಟ್ಟರೆ ಲಾಭವೇ. ಲಾಭ ಅವನದು, ಬಿಲ್ಲು ಅಪ್ಪನ ಹೆಸರಿಗೆ, ಅಷ್ಟೇ.

ನನಗೆ ಅನಿಸಿದ್ದು ಇದು. ಗೃಹಜ್ಯೋತಿಗೆ ರಾಜ್ಯ ವರ್ಷಕ್ಕೆ ಸುಮಾರು 10 ಸಾವಿರ ಕೋಟಿ ಖರ್ಚು ಮಾಡುತ್ತೆ. 1 ಕಿಲೋವ್ಯಾಟ್ ಪ್ಯಾನೆಲ್ ತಿಂಗಳಿಗೆ 120 ಯೂನಿಟ್ ಕೊಡುತ್ತೆ, ಸಾಮಾನ್ಯ ಮನೆಗೆ ಸಾಕು. ಕೇಂದ್ರದ 30 ಸಾವಿರ ಸಬ್ಸಿಡಿ ಕಳೆದು ಉಳಿದ 30 ಸಾವಿರ ರಾಜ್ಯವೇ ಕೊಟ್ಟರೆ, ಒಂದು ವರ್ಷದ ಗೃಹಜ್ಯೋತಿ ದುಡ್ಡಿನಲ್ಲಿ 33 ಲಕ್ಷ ಮನೆಯ ಮೇಲೆ ಪ್ಯಾನೆಲ್ ಕೂರಿಸಬಹುದು. ಆ ಮನೆಗಳಿಗೆ ಇಪ್ಪತ್ತು ವರ್ಷ ಉಚಿತ ಕರೆಂಟು, ಯಾವ ಸರ್ಕಾರ ಬಂದರೂ ಕಿತ್ತುಕೊಳ್ಳೋಕಾಗಲ್ಲ. ಇದು ಪೇಪರ್ ಮೇಲಿನ ಲೆಕ್ಕ ಅಂತ ನನಗೂ ಗೊತ್ತು. ಸೂರ್ಯಘರ್ ಇಡೀ ದೇಶಕ್ಕೆ ಗುರಿ ಇಟ್ಟುಕೊಂಡಿರೋದೇ ಒಂದು ಕೋಟಿ ಮನೆ. ಬಾಡಿಗೆ ಮನೆಯವರಿಗೆ ಸೂರು ಇಲ್ಲ. ತಗಡಿನ ಸೂರಿಗೆ ಪ್ಯಾನೆಲ್ ಭಾರವಾಗಬಹುದು. ಈ ವರ್ಷಕ್ಕೆ ಪ್ಯಾನೆಲ್ ದುಡ್ಡು ಕೊಟ್ಟರೆ ಉಳಿದವರ ಬಿಲ್ಲು ಯಾರು ಕಟ್ಟಬೇಕು? ಹಂತ ಹಂತವಾಗಿ ಮಾಡಬೇಕು. ಆದರೆ ಹೀಗೊಂದು ಮಾತು ವಿಧಾನಸಭೆಯಲ್ಲಿ ಗಂಭೀರವಾಗಿ ನಡೆಯಬೇಕಿತ್ತಲ್ಲ? ಆಡಳಿತ ಪಕ್ಷಕ್ಕೆ ಗ್ಯಾರಂಟಿ ಮುಟ್ಟಿದರೆ ವೋಟು ಹೋಗುವ ಭಯ, ವಿರೋಧ ಪಕ್ಷಕ್ಕೆ ಅದು ದಿವಾಳಿ ಅನ್ನೋದೊಂದೇ ಮಾತು. ನಡುವೆ ಕೂತು ಲೆಕ್ಕ ಹಾಕುವವರು ಇಲ್ಲ.

ರಾತ್ರಿಯ ಕರೆಂಟಿನದು ಬೇರೆ ಕತೆ. ಸೂರ್ಯ ಮುಳುಗಿದ ಮೇಲೆ ಎಲ್ಲರೂ ಕಾರು ಚುಚ್ಚಿದರೆ ಆ ಕರೆಂಟು ಎಲ್ಲಿಂದ? ಹಗಲಿನದನ್ನು ರಾತ್ರಿಗೆ ಉಳಿಸೋಕೆ ಅಂತಲೇ ಶರಾವತಿ ಕಣಿವೆಯಲ್ಲಿ, ಸಿಂಗಳೀಕಗಳ ಅಭಯಾರಣ್ಯದಲ್ಲಿ, 2,000 ಮೆಗಾವ್ಯಾಟ್ ಪಂಪ್ಡ್ ಸ್ಟೋರೇಜ್ ಮಾಡ್ತೀವಿ ಅಂತ ಸರ್ಕಾರ ಹೊರಟಿದೆ. ಮಲೆನಾಡಿನವರು ಬೇಡ ಅಂತ ಬೀದಿಗಿಳಿದಿದ್ದಾರೆ. ಬೆಂಗಳೂರಿನ ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ರಾತ್ರಿ ಚಾರ್ಜಿಗೆ ಹಾಕಿದ ಕಾರಿನ ವೈರು ಅಲ್ಲಿಯವರೆಗೂ ಹೋಗುತ್ತೆ.

ಅಪ್ಪನ ವಾದ ನಮ್ಮಿಬ್ಬರದಕ್ಕಿಂತ ಸರಳ. ಬೆಂಗಳೂರಿಂದ ದಾವಣಗೆರೆಗೆ ಈಗ ಕೆಎಸ್ಆರ್‌ಟಿಸಿಯ ಎಲೆಕ್ಟ್ರಿಕ್ ಬಸ್ಸೇ ಓಡುತ್ತೆ, ನಮ್ಮ ಹೆದ್ದಾರಿಯಲ್ಲೇ. ಅಪ್ಪ ಒಂದು ಸಲ ಅದರಲ್ಲಿ ಬಂದು ಇಡೀ ವಾರ ಅದರ ಮಾತೇ ಆಡಿದರು. "ಗೇರೇ ಇಲ್ಲ ಕಣವ್ವ, ಸೌಂಡೂ ಇಲ್ಲ. ಡ್ರೈವರ್‌ಗೆ ಮಂಡಿ ನೋವೇ ಬರಾಕಿಲ್ಲ." ಅವರ ಎರಡೂ ಮಂಡಿ ಹೋಗಿವೆ. ಇನ್ನೊಂದು ಅವರ ಹಳೆಯ ಗೊಣಗಾಟ ರೈಲು. ದುರ್ಗದಿಂದ ರೈಲಿನಲ್ಲಿ ಬೆಂಗಳೂರಿಗೆ ಹೋಗಬೇಕು ಅಂದರೆ ಚಿಕ್ಕಜಾಜೂರು, ಬೀರೂರು, ಅರಸೀಕೆರೆ ಅಂತ ಊರೂರು ಸುತ್ತಬೇಕು. ದಾವಣಗೆರೆಯಿಂದ ಚಿತ್ರದುರ್ಗದ ಮೇಲೆ ತುಮಕೂರಿಗೆ ನೇರ ಮಾರ್ಗ ಮಂಜೂರಾಗಿದ್ದು 2011-12ರ ರೈಲ್ವೆ ಬಜೆಟ್‌ನಲ್ಲಿ. ಆಗ ತಮ್ಮ ಹೈಸ್ಕೂಲಿನಲ್ಲಿದ್ದ. ಈಗ ಕಾರು ಕೊಳ್ಳುವವನಾಗಿದ್ದಾನೆ, ರೈಲು ಬಂದಿಲ್ಲ. ಆ ರೈಲು ಇದ್ದಿದ್ದರೆ ಅವನಿಗೆ ಕಾರು ಬೇಕಾಗುತ್ತಿತ್ತಾ ಅಂತ ಕೇಳಿದೆ. "ಹುಡುಗಿ ಮನೆಯೋರು ಕೇಳ್ತಾರಲ್ಲ ಅಕ್ಕ" ಅಂದ. ಅದಕ್ಕೆ ಯಾವ ರೈಲ್ವೆ ಬಜೆಟ್ಟೂ ಉತ್ತರ ಅಲ್ಲ.

ಇಂಥದ್ದನ್ನೆಲ್ಲ ಕೇಳಬೇಕಾದ ಜಾಗ ಒಂದಿತ್ತು. ಜಿಲ್ಲಾ ಪಂಚಾಯಿತಿಗೆ ನಾನು ವೋಟು ಹಾಕಿದ್ದು 2016ರಲ್ಲಿ. ಆ ಸದಸ್ಯರ ಅವಧಿ 2021ಕ್ಕೆ ಮುಗಿಯಿತು. ಆಮೇಲೆ ಚುನಾವಣೆಯೇ ಇಲ್ಲ. ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಅಂತ ಮೂರು ಮುಖ್ಯಮಂತ್ರಿಗಳು ಬಂದರೂ ನಡೆಸಲಿಲ್ಲ. ನಮ್ಮ ಓರಗೆಯವರು ಎಕ್ಸ್‌ನಲ್ಲಿ ದೆಹಲಿ ರಾಜಕೀಯದ ಬಗ್ಗೆ ಜಗಳ ಆಡುತ್ತಾರೆ, ಈ ಬಗ್ಗೆ ಒಂದು ಹ್ಯಾಶ್‌ಟ್ಯಾಗ್ ಕೂಡ ಇಲ್ಲ. ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಈ ಮಧ್ಯೆ ಕರೆಂಟು ಕನೆಕ್ಷನ್ನಿನ ಆತಂಕ. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟು, ಕಟ್ಟಡ ಮುಗಿದ ಪ್ರಮಾಣಪತ್ರ ಇಲ್ಲದೆ ನೀರು, ಕರೆಂಟು ಕೊಡಬಾರದು ಅಂದಿತು. ಅಕ್ರಮ ಕಟ್ಟಡ ತಡೆಯೋಕೆ ಅದು ಸರಿಯಾದ ತೀರ್ಪೇ. ಆದರೆ ಅದರ ಏಟು ಮೊದಲು ಬಿದ್ದಿದ್ದು 30x40 ಕಟ್ಟಿಕೊಂಡು ತಾತ್ಕಾಲಿಕ ಮೀಟರಿನಲ್ಲಿ ಕೂತವರ ಮೇಲೆ. ಅಕ್ಟೋಬರ್ ಹೊತ್ತಿಗೆ ಸರ್ಕಾರ 1,200 ಚದರಡಿವರೆಗಿನ ನಿವೇಶನಗಳಿಗೆ ವಿನಾಯಿತಿ ಕೊಡಲು ಹೊರಟಿತು. ನಮ್ಮದೂ 30x40. ಕಾಯಂ ಮೀಟರ್ ಇಲ್ಲದೆ ಸೋಲಾರ್ ಇಲ್ಲ, ಸಬ್ಸಿಡಿ ಇಲ್ಲ, ಹಾಗಾಗಿ ಕಾಯುತ್ತಿದ್ದೇವೆ.

ಇದೆಲ್ಲದರ ಕೆಳಗೆ ನಾನು ಹೇಳದೆ ಉಳಿಸಿದ್ದು ಒಂದಿದೆ. ಸೋಲಾರ್ ಹಾಕಿಸಬೇಕು ಅಂದಾಗ ಅರ್ಜಿಯಲ್ಲಿ ಕೇಳಿದ ಮೊದಲ ಪ್ರಶ್ನೆ, ಮನೆ ಯಾರ ಹೆಸರಲ್ಲಿದೆ?

ಅಪ್ಪನ ಹೆಸರಲ್ಲಿ. ನಿವೃತ್ತಿಯ ದುಡ್ಡಲ್ಲಿ ಸೈಟು ಕೊಂಡಿದ್ದು ಅವರು. ಕಟ್ಟೋಕೆ ತೆಗೆದ ಸಾಲದಲ್ಲಿ ನಾನು ಸಹ ಅರ್ಜಿದಾರಳು, ಇಪ್ಪತ್ತು ವರ್ಷದ ಕಂತು ನನ್ನ ಸಂಬಳದಿಂದ. ಖಾತೆಯಲ್ಲಿ ನಾನಿಲ್ಲ. ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟ ರಾಜ್ಯ, ದೇಶ ಆ ಕಾನೂನು ಮಾಡಿದ್ದು 2005ರಲ್ಲಿ. ಆದರೆ ಇದು ಪಿತ್ರಾರ್ಜಿತ ಅಲ್ಲ, ಅಪ್ಪನ ಸ್ವಂತದ್ದು. ಅವರು ಯಾರಿಗೆ ಬೇಕಾದರೂ ಬರೆಯಬಹುದು. ಕೇಳಿದರೆ, "ನನ್ ಹೆಸ್ರಲ್ಲಿದ್ರೇನು, ಕೊನೆಗೆ ನಿಮ್ಮಿಬ್ರುದೇ ಅಲ್ವಾ?" ಅನ್ನುತ್ತಾರೆ. ನಾನು ಅವರನ್ನು ನಂಬುತ್ತೇನೆ. ನಂಬುವುದಕ್ಕೂ ದಾಖಲೆಗೂ ಸಂಬಂಧ ಇಲ್ಲ ಅಂತ ಅವರಿಗೆ ಹೇಗೆ ಹೇಳೋದು?

ಮೊನ್ನೆ ಭಾನುವಾರ ತಮ್ಮನೂ ಬಂದಿದ್ದ. ಹಸಿ ಗೋಡೆಯ ಹಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ವಿ. ಕಾರಾ, ಸೋಲಾರಾ ಅಂತ ಅದೇ ಜಗಳ. ನಾನು ಪೇಪರ್ ತೆಗೆದು 102 ಕಂತಿನ ಲೆಕ್ಕ ಮತ್ತೆ ಓದಿದೆ, ಅವನು ಮತ್ತೆ ಇನ್ಸೆಂಟಿವ್ ಅಂದ. ಅಮ್ಮ ಮಾಡಿನ ಮೇಲೆ ನೀರು ಹಾಕಿ ಇಳಿದು ಬಂದಳು. ಸೆರಗಲ್ಲಿ ಕೈ ಒರೆಸಿಕೊಳ್ಳುತ್ತಾ, "ನಮ್ಮಣ್ಣದೀರು ಅರಿಶಿನ ಕುಂಕುಮಕ್ಕೆ ಅಂತ ಐದು ಸಾವ್ರ ಕೊಟ್ಟು ಹಕ್ಕು ಬಿಡುಗಡೆಗೆ ಸೈನ್ ಹಾಕಿಸ್ಕಂಡ್ರು. ಹೊಸದುರ್ಗದ ಆ ಹೊಲ ಈಗ ಎಕ್ರೆಗೆ ಎಷ್ಟೈತೆ ಗೊತ್ತಾ?" ಅಂದಳು. ಯಾರನ್ನೂ ನೋಡಿ ಹೇಳಲಿಲ್ಲ. ಅಪ್ಪ ನೆಲ ನೋಡಿದರು. ತಮ್ಮ ಮೊಬೈಲ್ ಜೇಬಿಗಿಟ್ಟ.

ಸ್ವಲ್ಪ ಹೊತ್ತಿನ ಮೇಲೆ ಅವನೇ ಮಾತಾಡಿದ. "ಚಾರ್ಜರ್ ಪಾಯಿಂಟ್ ಇರ್ಲಿ ಬಿಡು ಅಕ್ಕ, ಕಾರು ಮುಂದಿನ ವರ್ಷ ನೋಡಾನ. ಸೋಲಾರಿಗೆ ನಾನೂ ಅರ್ಧ ಹಾಕ್ತೀನಿ." ಅಪ್ಪ ಖಾತೆಯ ಮಾತು ಎತ್ತಲಿಲ್ಲ. ಸಂಜೆ ಬಸ್‌ಸ್ಟ್ಯಾಂಡಿಗೆ ಬಿಡೋಕೆ ಸ್ಕೂಟರಿನಲ್ಲಿ ಬಂದಾಗ, ನಾನು ಇಳಿದ ಮೇಲೆ ಕೇಳಿದರು: "ಜಂಟಿ ಮಾಡಿಸಾಕೆ ಸಬ್‌ರಿಜಿಸ್ಟ್ರಾರ್ ಆಫೀಸಲ್ಲಿ ಏನೇನ್ ಕಾಗ್ದ ಕೇಳ್ತಾರೆ, ವಿಚಾರ್ಸು."

ವಿಚಾರಿಸುತ್ತಿದ್ದೇನೆ.